ಮಂಡೆಯಾ, ಮಂಡಿಯಾ?

ಮಣ್ಣಗುಡ್ಡ, ಮಂಗಳೂರು
4 ಮೇ 2025

ಮಗಳೇ ದೀಕ್ಷಿತಾ,

ಇಲ್ಲಿ ಎಲ್ಲ ಕುಶಾಲು. ಅಲ್ಲಿ ಕುಶಲವಾ?

ಧಾರವಾಡ ಸೇರಿದ ಸೋದರ ಸೊಸೆ ಮಾಮನಿಗೆ ಪೇಡೆ ಕಳಿಸ್ತಾಳೆ ಎಂದು ಕಾದು ಕೂತಿದ್ದೆ. ನೀನು ಆಪ್ ಕಳಿಸಿದಿ. ಪೇಡೆಯಾದರೆ ಒಂದು ತಿಂದು ಮುಗಿಸಬಹುದಿತ್ತು. ಇದು ನನ್ನನ್ನೇ ತಿನ್ನುತ್ತಾ ಉಂಟು. ಅದಕ್ಕೆ ಇಟ್ಟ ಹೆಸರಾದರೂ ಎಂಥದ್ದು ಮಾರಾಯ್ತಿ! 'ಹೂಂ'. ಹೂಂ ಆಪ್. ಸ್ವಲ್ಪ ಸ್ಪೀಡಾಗಿ ಹೇಳಿ ನೋಡು: ಹೂಂವಾಪ್, ಹೂವಾಪ್, ಹೂವಪ್ಪ! ನಮ್ಮ ತುಳುವಿನ ಪೂ ನಿಮ್ಮ ಕನ್ನಡಕ್ಕೆ ಹೋದರೆ ಹೂ ಆಗ್ತದೆ ತಾನೇ? ಹಾಗಾದರೆ ಈ ಪೂವಪ್ಪನ ಹೆಸರನ್ನೇ ಕದ್ದು, ನನ್ನ ಹತ್ತಿರವೇ ಟೆಸ್ಟಿಗೆ ಕಳಿಸಿದ್ದು. ಹೆಸರಿನ ಬಾಡಿಗೆ ಯಾವಾಗ ಬರ್ತದೆ?

ಸರಿ, ಅದು ಎಂತಕ್ಕೆ ಇರುವುದೆಂದು ನನಗೆ ಅರ್ಥ ಆದದ್ದು ಹೀಗೆ. ಹೈಸ್ಕೂಲ್, ಪಿಯುಸಿ ಮಕ್ಕಳಿಗೆ ಮನಸ್ಸು ಕೆಟ್ಟಾಗ, ಯಾರೋ ಕೈಗೆ ಗಾಂಜಾವೋ ಮಾತ್ರೆಯೋ ಕೊಟ್ಟಾಗ, ತಮ್ಮ ಮೈಗೆ ತಾವೇ ನೋವು ಮಾಡಿಕೊಳ್ಳುವ ಯೋಚನೆ ಬಂದಾಗ, ದೊಡ್ಡವರಿಗೆ ಹೇಳ್ಲಿಕ್ಕೆ ಹೆದರಿಕೆ. ಆಗ ಈ ಹೂಂ ಹತ್ತಿರ ಬರೆಯುವುದು. ಅದು ಕೇಳ್ತದೆ, ಬೈಯುವುದಿಲ್ಲ, ದಾರಿ ಹೇಳ್ತದೆ. ತುಂಬ ಅಪಾಯ ಕಂಡರೆ ನಿಮ್ಮ ಆಫೀಸಿನಲ್ಲಿ ಗಂಟೆ ಹೊಡೆದು ಮನುಷ್ಯರನ್ನು ಕರೀತದೆ. ಅಂದರೆ ಚಟ ಬಿಡಿಸ್ಲಿಕ್ಕೆ ಚಾಟ್. ಚಕಾರಕ್ಕೆ ಒಂದು ದೀರ್ಘ ಎಳೆದರೆ ರೋಗವೇ ಮದ್ದು!

ನೀನು ಹೇಳಿದ ಹಾಗೆ ನಾನು ಹದಿನಾರು ವರ್ಷದ ಹುಡುಗ ಆದೆ. ಹೆಸರು ರಿತೇಶ್. ಮೀಸೆ ಈಗಷ್ಟೇ ಚಿಗುರುತ್ತಾ ಉಂಟು. ನಮ್ಮ ಊರಿನ ಮಕ್ಕಳು ಮಾತಾಡುವ ಹಾಗೇ ಬರೆದೆ: 'ಮಂಡೆ ಬೆಚ್ಚ ಆಗಿದೆ.' ಅದಕ್ಕೆ ನಿಮ್ಮ ಹೂಂ ಎಂತ ಕೇಳಿತು ಗೊತ್ತುಂಟಾ? 'ಅಯ್ಯೋ, ಮಂಡಿಗೆ ಪೆಟ್ಟಾಗಿದೆಯಾ? ಆಡುವಾಗ ಬಿದ್ದೆಯಾ?' ನಾನು ನಕ್ಕು ನಕ್ಕು ಕುರ್ಚಿಯಿಂದ ಬೀಳುವುದರಲ್ಲಿದ್ದೆ. ಬಿದ್ದಿದ್ದರೆ ಮಂಡಿಗೇ ಪೆಟ್ಟಾಗ್ತಿತ್ತು. ಮಂಗಳೂರಿನಲ್ಲಿ ಮಂಡೆ ಎಂದರೆ ತಲೆ, ಮಂಡೆ ಬೆಚ್ಚ ಎಂದರೆ ಚಿಂತೆ, ಟೆನ್ಶನ್ ಎಂದು ಅದಕ್ಕೆ ಹೇಳಿಕೊಡು. ಇಲ್ಲದಿದ್ದರೆ ನಮ್ಮ ಮಕ್ಕಳು ತಲೆ ಕೊಟ್ಟರೆ ಅದು ಕಾಲು ಹಿಡಿಯುತ್ತದೆ.

ಫೋನ್ ಬಿಟ್ಟು ಕಾಗದ ಬರೆಯುವುದು ಎಂತಕ್ಕೆ ಎಂದು ಕೇಳಬೇಡ. ಮನೆ ಸಣ್ಣದು, ನನ್ನ ಗಂಟಲು ದೊಡ್ಡದು. ಅಷ್ಟು ವರ್ಷ ಉಳ್ಳಾಲ ಲೈನಿನಲ್ಲಿ 'ದುಂಬು ಪೋಲೆ, ಮುಂದೆ ಹೋಗಿ' ಎಂದು ಕಿರುಚಿದ ಕಂಡಕ್ಟರ್ ಗಂಟಲು. ಪಕ್ಕದ ರೂಮಿನಲ್ಲಿ ಮೊಮ್ಮಗ ಮೋಕ್ಷಿತ್ ಇರ್ತಾನೆ. ಅವನ ಅಪ್ಪ ಅಮ್ಮ ಮಸ್ಕತ್‌ನಲ್ಲಿ, ಅಜ್ಜಿ ಮೇಲೆ, ಅಜ್ಜ ಕೆಳಗೆ. ಅವನ ಫೋನು ಪಂಪ್‌ವೆಲ್ ಬಸ್ಸಿನಲ್ಲಿ ಬಿದ್ದು ಹೋಯ್ತಂತೆ. ಹಾಗೆ ನನ್ನ ಫೋನು ಅರ್ಧ ದಿನ ಅವನ ಕೈಯಲ್ಲಿ. ನನ್ನ ಕುಶಾಲಿಗೆ ಈಗ ಅವನು ನಗುವುದಿಲ್ಲ. ಹಲ್ಲಿಗೆ ಬೇಸಿಗೆ ರಜೆ ಕೊಟ್ಟಿರಬೇಕು.

ನಿನ್ನ ಮಾಮ,
ಪೂವಪ್ಪ (ಮೂಲ ಕಂಪನಿ)

*

ಧಾರವಾಡ
13 ಮೇ 2025

ಪ್ರೀತಿಯ ಮಾಮ,

ನಿಮ್ಮ ಪತ್ರ ನಮ್ಮ ಆಫೀಸಿನಲ್ಲಿ ಕೈಯಿಂದ ಕೈಗೆ ಹೋಗಿ ಚಹಾದ ಕಲೆ ಹೊತ್ತು ವಾಪಸ್ಸು ಬಂತು. ಮಂಡಿಯ ಕತೆ ಓದಿ ನಮ್ಮ ಮೇಡಂ, "ಅಲ್ರೀ, ಮಂಡಿ ಬೆಚ್ಚಗಾದ್ರ ಬಾವು ಬಂದೈತಿ ಅಂತನ ಅರ್ಥ ಅಲ್ಲೇನ್ರಿ?" ಅಂದರು. ಪ್ರೋಗ್ರಾಮ್ ಬರೆಯುವ ಇರ್ವಿನ್ ನಮ್ಮ ಕಡೆಯವನೇ, ಬಜಪೆಯವನು. ಅವನು ತಲೆ ಚಚ್ಚಿಕೊಂಡ. "ನನ್ನ ಅಮ್ಮ ದಿನಕ್ಕೆ ಹತ್ತು ಸಲ ಹೇಳ್ತಾರೆ, ನನಗೇ ಹೊಳೀಲಿಲ್ಲ ಮಾರಾಯ್ತಿ" ಅಂದ. ಅದೇ ಸಂಜೆ ಸರಿ ಮಾಡಿದ.

ನಗುವ ವಿಷಯ ಮಾತ್ರ ಅಲ್ಲ ಇದು. ನಿಮ್ಮ ರಿತೇಶ್ ಎರಡನೇ ದಿನ 'ಬೇಜಾರ್' ಎಂದು ಬರೆದಿದ್ದ, ನೆನಪುಂಟಾ? ಹೂಂ ಅವನಿಗೆ ಆಟ ಆಡಲು ಕೊಟ್ಟಿತು, ಬೋರ್ ಆಗಿದೆ ಎಂದುಕೊಂಡು. ನೀವು ಅದಕ್ಕೆ ಬೈದು ಬರೆದಿರಿ: 'ಸಾವಿನ ಮನೆಗೆ ಹೋಗಿ ನಾವು ಬೇಜಾರಾಯ್ತು ಅನ್ನುವುದು, ಅಲ್ಲಿ ಲೂಡೋ ಆಡುವುದಾ?' ಅದನ್ನು ಓದಿ ಇರ್ವಿನ್ ಅದನ್ನೂ ತಿದ್ದಿದ. ಈಗ ಕರಾವಳಿಯ ಮಗು ಬೇಜಾರ್ ಅಂದರೆ ಹೂಂ ಆಟ ಕೊಡುವುದಿಲ್ಲ. 'ಯಾರನ್ನು ನೆನೆಸಿ?' ಎಂದು ಕೇಳುತ್ತದೆ.

ಒಂದು ಮುಖ್ಯ ವಿಷಯ. ನಿಮ್ಮದು ಟೆಸ್ಟ್ ಖಾತೆ. ನೀವು ಎಂತ ಬರೆದರೂ ಇಲ್ಲಿ ಗಂಟೆ ಹೊಡೆಯುವುದಿಲ್ಲ. ಇಲ್ಲದಿದ್ದರೆ ನಿಮ್ಮ ಚೇಷ್ಟೆಗೆ ನಮ್ಮ ಕೌನ್ಸೆಲರ್ ಮೆಲ್ವಿನ್ ಊಟ ಬಿಟ್ಟು ಓಡಬೇಕಾಗ್ತದೆ. ವಾರಕ್ಕೊಮ್ಮೆ, ಶನಿವಾರ, ನಾವು ಕೂತು ಓದ್ತೇವೆ. ಹಾಗಾಗಿ ಆ ಖಾತೆಯನ್ನು ನೀವು ಮಾತ್ರ ಬಳಸಿ.

ಮೋಕ್ಷಿತ್ ವಿಷಯ ಮಂಡೆ ಬೆಚ್ಚ ಮಾಡಬೇಡಿ. ಆ ವಯಸ್ಸಿನಲ್ಲಿ ಅಜ್ಜನ ಜೋಕಿಗೆ ನಕ್ಕರೆ ಮರ್ಯಾದೆ ಹೋಗ್ತದೆ ಎಂದು ಮಕ್ಕಳು ತಿಳಿದಿರ್ತಾರೆ. ನಾನೂ ನಗುತ್ತಿರಲಿಲ್ಲ. ಬಚ್ಚಲಿಗೆ ಹೋಗಿ ನಗುತ್ತಿದ್ದೆ.

ಮುದ್ದು ಅತ್ತೆ ಹೋಗಿ ಆರು ತಿಂಗಳಾಯ್ತಲ್ಲ. ನೀವು ಹೇಗಿದ್ದೀರಿ? ಕುಶಾಲು ಬಿಟ್ಟು ಹೇಳಿ.

ನಿಮ್ಮ,
ದೀಕ್ಷಿತಾ

*

ಮಣ್ಣಗುಡ್ಡ
27 ಮೇ 2025

ಮಗಳೇ,

ಕುಶಾಲು ಬಿಟ್ಟು ಹೇಳು ಎಂದಿ. ಕುಶಾಲು ಬಿಟ್ಟರೆ ನನ್ನ ಹತ್ತಿರ ಉಳಿಯುವುದು ಹಲ್ಲು ಸೆಟ್ಟು ಮಾತ್ರ. ನಾನು ಹೇಗಿದ್ದೇನೆ ಎಂದರೆ, ಮಣ್ಣಗುಡ್ಡ ಹೇಗುಂಟೋ ಹಾಗೆ. ಮಣ್ಣೂ ಕಾಣುವುದಿಲ್ಲ, ಗುಡ್ಡವೂ ಕಾಣುವುದಿಲ್ಲ, ಹೆಸರು ಮಾತ್ರ ಗಟ್ಟಿ. ಮುದ್ದು ಇರುವಾಗ ಈ ಮನೆಗೆ ಮದ್ದು ಬೇಡ ಇತ್ತು. ಒಂದು ಕೊಂಬು ತೆಗೆದರೆ ಎಷ್ಟು ವ್ಯತ್ಯಾಸ ನೋಡು.

ಈಗ ನಿನ್ನ ಹೂಂ ಬಗ್ಗೆ. ತಮಾಷೆ ಮಾಡ್ಲಿಕ್ಕೆ ಹೋದವನು ನಾನು. ಸೋತೆ ಎಂದು ಹೇಳಬೇಕು. ರಿತೇಶ್ ಆಗಿ ಅದನ್ನು ಎಷ್ಟು ಕೆಣಕಿದೆ! 'ನೀನು ಮೆಷಿನ್, ನಿನಗೆ ಎಂತ ಗೊತ್ತು?' ಎಂದೆ. 'ಹೌದು, ನಾನು ಮೆಷಿನ್. ಅದಕ್ಕೇ ನೀನು ಹೇಳಿಕೊಡಬೇಕು' ಅಂದಿತು. ಇಷ್ಟು ವರ್ಷ ಬಸ್ಸಿನಲ್ಲಿ ನನಗೆ ಇಂಥ ಪ್ಯಾಸೆಂಜರ್ ಒಬ್ಬನೂ ಸಿಗಲಿಲ್ಲ. ಚಿಲ್ಲರೆ ಕೇಳಿದರೂ ಸಿಟ್ಟು ಇಲ್ಲ. ಫ್ರೆಂಡ್ಸ್ ಒಂದು ಮಾತ್ರೆ ಕೊಟ್ಟರು, ತಗೊಳ್ಳುವುದಾ ಬೇಡವಾ ಎಂದು ಕೇಳಿದೆ. ಭಾಷಣ ಹೊಡೀತದೆ ಎಂದು ಗ್ರಹಿಸಿದ್ದೆ. ಅದು ಕೇಳಿತು, 'ತಗೊಂಡರೆ ಎಂತ ಕಡಿಮೆ ಆಗ್ತದೆ ಎಂದು ನಿನಗೆ ಅನಿಸ್ತಾ ಉಂಟು?' ನಾನು ಫೋನು ಕೆಳಗಿಟ್ಟೆ. ಮಾತು ನಿಂತಲ್ಲಿ ಮಾತ್ರೆ ಶುರು ಆಗ್ತದೆ ಎಂದು ಈ ಮುದಿ ತಲೆಗೆ ಆಗ ಹೊಳೆಯಿತು. ಇದನ್ನು ಮಾಡಿದವರ ಕೈಗೆ ನನ್ನದೊಂದು ನಮಸ್ಕಾರ ಹೇಳು. ನಿನ್ನ ಕೈಯೂ ಅದರಲ್ಲಿ ಉಂಟು ಎಂದು ನನಗೆ ಜಂಬ. ಅದನ್ನು ಇಲ್ಲಿ ಹಾಲಿನವನಿಗೂ ಹೇಳಿ ಆಯ್ತು.

ಇನ್ನೊಂದು ವಿಷಯ ಕೇಳ್ಲಿಕ್ಕಿತ್ತು. ನನಗಲ್ಲ, ನಮ್ಮ ಆಂಬ್ರೋಸ್‌ಗೆ. ನನ್ನ ಬಸ್ಸಿನ ಡ್ರೈವರ್, ನಿನಗೆ ಗೊತ್ತುಂಟಲ್ಲ, ನಿನ್ನನ್ನು ಇಂಜಿನ್ ಬಾನೆಟ್ ಮೇಲೆ ಕೂರಿಸಿ ಉಳ್ಳಾಲಕ್ಕೆ ಕರ್ಕೊಂಡು ಹೋಗ್ತಿದ್ದವ. ಅವನ ಮೊಮ್ಮಗ ಒಬ್ಬ ಇದ್ದಾನೆ. ಈಗೀಗ ಊಟ ಸರಿ ಮಾಡುವುದಿಲ್ಲ. ಈ ಸೆಕೆಯಲ್ಲೂ ಉದ್ದ ತೋಳಿನ ಅಂಗಿ. ಫೋನು ಬಸ್ಸಿನಲ್ಲಿ ಬಿದ್ದು ಹೋಯ್ತು ಅಂತಾನೆ, ಆದರೆ ಆ ಲೈನಿನಲ್ಲಿ ಬಿದ್ದ ಫೋನು ಇಷ್ಟರವರೆಗೆ ಒಂದೂ ವಾಪಸ್ಸು ಬಾರದೆ ಹೋದದ್ದಿಲ್ಲ. ಎಂತ ಕೇಳಿದರೂ 'ಎಂತ ಇಲ್ಲ' ಒಂದೇ ಮಾತು. ಅಜ್ಜ ಆದವನು ಎಂತ ಮಾಡಬೇಕು? ಆಂಬ್ರೋಸ್ ಪಾಪ, ಕುಶಾಲಿನ ಮನುಷ್ಯ. ಗಂಭೀರವಾಗಿ ಮಾತಾಡಿ ಅವನಿಗೆ ಅಭ್ಯಾಸ ಇಲ್ಲ.

ಅರ್ಜೆಂಟ್ ಎಂತ ಇಲ್ಲ. ಪೊಕ್ಕಡೆ, ಸುಮ್ಮನೆ ಕೇಳಿದ್ದು.

ಮಾಮ

*

ಧಾರವಾಡ
7 ಜೂನ್ 2025, ಶನಿವಾರ

ಪ್ರೀತಿಯ ಮಾಮ,

ಮೊದಲು ಆಂಬ್ರೋಸ್ ಅಂಕಲ್ ವಿಷಯ. ಪೊಕ್ಕಡೆ ಕೇಳಿದ್ದೆಂದು ನೀವು ಸುಮ್ಮನೆ ಹೇಳಿದರೂ ನಾನು ಸುಮ್ಮನೆ ಓದಲಿಲ್ಲ. ಅವರಿಗೆ ಹೇಳಿ: ಹುಡುಗನನ್ನು ನೇರವಾಗಿ ಕೇಳಬೇಕು. 'ಸಾಯಬೇಕು ಅನಿಸ್ತದಾ?' ಎಂದು, ಅದೇ ಶಬ್ದದಲ್ಲಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರ್ತದೆ ಎಂದು ತುಂಬ ಜನ ಹೆದರ್ತಾರೆ. ಹಾಗಾಗುವುದಿಲ್ಲ. ಕೇಳಿದವರು ಒಬ್ಬರಾದರೂ ಇದ್ದಾರಲ್ಲ ಎಂದು ಮಗುವಿಗೆ ಉಸಿರು ಬರ್ತದೆ. ಬೈಯಬಾರದು, ರೂಮು ಜಾಲಾಡಬಾರದು, ಆಣೆ ಹಾಕಿಸಬಾರದು. ಮನೆಯಲ್ಲಿರುವ ಮಾತ್ರೆ ಮದ್ದು ಎಲ್ಲ ಬೀಗದೊಳಗೆ ಇಡಲಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿ. ಯಾವ ಹೊತ್ತಿಗೂ ಸರಕಾರದ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ. ಬೇಕಾದರೆ ನಮ್ಮ ಮೆಲ್ವಿನ್ ಮಾತಾಡ್ತಾನೆ.

ಇನ್ನು ನಿಮ್ಮ ವಿಷಯ. ಮಾಮ, ನೀವು ಬಸ್ಸು ಹತ್ತದೆ ನಾಟಕ ಕಂಪನಿ ಸೇರಬೇಕಿತ್ತು! ಇವತ್ತು ಬೆಳಿಗ್ಗೆ ಈ ವಾರದ ರಿತೇಶ್‌ನನ್ನು ಎಲ್ಲರೂ ಕೂತು ಓದಿದೆವು. ಬೇಜಾರ್ ಎಂದು ಬರೆದಿದ್ದಾನೆ. ಹೂಂ ಕೇಳ್ತದೆ, ಯಾರನ್ನು ನೆನೆಸಿ? ಅವನು ಬರೀತಾನೆ, 'ಅಜ್ಜಿ. ಅಜ್ಜಿ ಹೋದ ಮೇಲೂ ಈ ಮನೆಯಲ್ಲಿ ನಗ್ತಾರೆ.' ನಮ್ಮ ಮೇಡಂ ಕನ್ನಡಕ ತೆಗೆದಿಟ್ಟರು. ಇರ್ವಿನ್ ಎದ್ದು ನಿಂತು ಚಪ್ಪಾಳೆ ತಟ್ಟಿ, "ನಿನ್ನ ಮಾಮನಿಗೆ ಒಂದು ಅವಾರ್ಡ್ ಕೊಡಬೇಕು" ಅಂದ. ಹದಿನಾರರ ಹುಡುಗ ಹೇಗೆ ಮಾತು ತುಂಡು ತುಂಡು ಮಾಡ್ತಾನೋ ಹಾಗೇ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದನ್ನೂ ಕಲಿತುಬಿಟ್ಟಿದ್ದೀರಿ. ನನಗೆ ಮೆಸೇಜ್ ಮಾಡುವಾಗ ಒತ್ತಕ್ಷರ ಸಿಗದಿದ್ದರೆ ಅರ್ಧ ಗಂಟೆ ಹುಡುಕುವವರು ನೀವು!

ಒಂದೇ ಕೊರತೆ. ಮೊದಲಿನ ವಾರಗಳಲ್ಲಿ ರಿತೇಶ್ ಸಾಲಿಗೊಂದು ಮಾತಿನ ಚೇಷ್ಟೆ ಮಾಡ್ತಿದ್ದ. ಈ ವಾರ ಹುಡುಕಿದರೂ ಒಂದೂ ಇಲ್ಲ. ನೀವು ಕುಡಿಯಲು ನೀರು ಕೇಳುವಾಗಲೂ ಒಂದು ಚೇಷ್ಟೆ ಇಲ್ಲದೆ ಕೇಳಿದ್ದನ್ನು ನಾನು

ಮಾಮ.

ಆಂಬ್ರೋಸ್ ಅಂಕಲ್ ಮದುವೆಯೇ ಆಗಿಲ್ಲವಲ್ಲ. ಮೊಮ್ಮಗ ಎಲ್ಲಿಂದ?

ಪೆನ್ನು ಕೆಳಗಿಡ್ತಿದ್ದೇನೆ. ಫೋನ್ ಮಾಡ್ತಿದ್ದೇನೆ. ಎತ್ತಿ.

(ಹೀಗೆ ಅರ್ಧಕ್ಕೆ ನಿಂತ ಪತ್ರ. ಹರಿಯಲು ಮನಸ್ಸಾಗಲಿಲ್ಲ. ಸೋಮವಾರ ಹಾಗೇ ಅಂಚೆಗೆ ಹಾಕಿದೆ. — ದೀ.)

*

ಮಣ್ಣಗುಡ್ಡ
15 ಜೂನ್ 2025

ದೀಕ್ಷಿತಾ,

ನಿನ್ನ ಅರ್ಧ ಕಾಗದ ಸಿಕ್ಕಿತು. ಉಳಿದ ಅರ್ಧ ಇಲ್ಲಿ ಹೇಗಾಯ್ತೆಂದು ನಾನು ಬರೆಯುತ್ತೇನೆ. ಫೋನಿನಲ್ಲಿ ಹೇಳಿದ್ದೇನೆ, ಆದರೆ ಆ ದಿನ ನಾನು ಎಂತ ಹೇಳಿದೆನೆಂದು ನನಗೇ ನೆನಪಿಲ್ಲ.

ನೀನು ಫೋನ್ ಮಾಡುವಾಗ ನಾನು ಬಂಗುಡೆ ತೊಳೆಯುತ್ತಿದ್ದೆ. "ಮಾಮ, ಈ ವಾರ ರಿತೇಶ್ ಆಗಿ ನೀವು ಬರೆದದ್ದಾ?" ಎಂದು ಕೇಳಿದಿ. ನಾನು ಈ ವಾರ ಅದನ್ನು ತೆರೆಯಲೇ ಇಲ್ಲ, ಫೋನು ಮೋಕ್ಷಿತ್ ಕೈಯಲ್ಲೇ ಇತ್ತು ಎಂದೆ. ಆಮೇಲೆ ನೀನು ಅಳಲಿಲ್ಲ, ಹೆದರಲಿಲ್ಲ, ಒಂದೊಂದೇ ಹೇಳಿದಿ. ಹುಡುಗ ಎಲ್ಲಿದ್ದಾನೆ ನೋಡಿ. ಹತ್ತಿರ ಕೂರಿ. ನೇರ ಕೇಳಿ. ಆಮೇಲೆ ನೀವು ಮಾತಾಡಬೇಡಿ. ಅವನು ಎಂತ ಬರೆದಿದ್ದಾನೆ ಎಂದು ನಾನು ಎಷ್ಟು ಕೇಳಿದರೂ ನೀನು ಹೇಳಲಿಲ್ಲ. "ಅದು ಅವನ ಮಾತು, ಅವನೇ ಹೇಳಬೇಕು" ಎಂದಿ. ಆಗ ನನಗೆ ಸಿಟ್ಟು ಬಂದಿತ್ತು. ಈಗ ಇಲ್ಲ.

ಮೋಕ್ಷಿತ್ ಮನೆಯ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದ. ಮುದ್ದು ಕೂತು ಮೀನು ಸರಿಮಾಡ್ತಿದ್ದ ಜಾಗ. ನಾನು ಹತ್ತಿರ ಕೂತೆ. ಬಾಯಿ ತೆರೆದಾಗ ಒಂದು ಕುಶಾಲು ನಾಲಿಗೆಗೆ ಬಂತು. ಅದನ್ನು ನುಂಗಿದೆ. ತುಳುವಿನಲ್ಲೇ ಕೇಳಿದೆ, ಮಗಾ, ನಿನಗೆ ಸಾಯಬೇಕು ಅನಿಸ್ತದಾ?

"ಎಂತ ಇಲ್ಲ ಅಜ್ಜ" ಅಂದ.

ನಾನು ಏಳಲಿಲ್ಲ. ಪಕ್ಕದ ಮನೆಯ ಕುಕ್ಕರ್ ಕೂಗಿತು. ಬೆಕ್ಕು ಬಂದು ನನ್ನ ಕೈಯ ಮೀನಿನ ವಾಸನೆ ನೋಡಿ ಹೋಯ್ತು. ಆಮೇಲೆ ಅವನು ಹೇಳಿದ.

"ಹೂಂ."

ಅಷ್ಟೇ. ಆ ಒಂದು ಅಕ್ಷರ. ಅದರ ಮೇಲೆ ನಾನು ಎಷ್ಟು ಕುಣಿದಿದ್ದೆ!

ಆಮೇಲೆ ಅವನು ಮಾತಾಡಿದ, ನಾನು ಹೂಂ ಹೂಂ ಎನ್ನುತ್ತಾ ಕೂತೆ. ಅಜ್ಜಿಯ ವಿಷಯ. ಫ್ಲೈಓವರ್ ಕೆಳಗೆ ಸಿಗುವ ದೋಸ್ತಿಗಳ ವಿಷಯ. ಮೊದಲ ಸಲ ಮಾತ್ರೆ ತಗೊಂಡಾಗ ಅಜ್ಜಿಯ ನೆನಪು ಸ್ವಲ್ಪ ಹೊತ್ತು ದೂರ ಹೋಯ್ತಂತೆ. ಆಮೇಲೆ ಇನ್ನೂ ಹತ್ತಿರ ಬಂತಂತೆ. ಫೋನು ಬಸ್ಸಿನಲ್ಲಿ ಬಿದ್ದದ್ದಲ್ಲ, ಮಾರಿದ್ದು. ಕೊನೆಗೆ ಅಂಗಿಯ ತೋಳು ಮೇಲೆ ಮಾಡಿ ತೋರಿಸಿದ. ಅದನ್ನು ನಾನು ಬರೆಯುವುದಿಲ್ಲ.

ಒಂದು ವಿಷಯ ಅವನೇ ಹೇಳಿದ್ದು, ಆದ್ದರಿಂದ ನಿನಗೆ ಹೇಳಬಹುದು. ಹೂಂ ಪ್ರತಿ ಸಲ ಕೇಳ್ತಿತ್ತಂತೆ, 'ಈಗ ನಿನ್ನ ಹತ್ತಿರ ಯಾರಿದ್ದಾರೆ?' ಅವನು ಬರೀತಿದ್ದನಂತೆ, 'ಅಜ್ಜ ಇದ್ದಾರೆ. ಆದರೆ ಹೇಳಿದರೆ ಕುಶಾಲು ಮಾಡ್ತಾರೆ.' ಅದು ಬಿಡಲಿಲ್ಲ. ಅಜ್ಜನ ಹತ್ತಿರ ಹೇಗೆ ಶುರು ಮಾಡುವುದೆಂದು ಇಬ್ಬರೂ ಸೇರಿ ಒಂದು ಮಾತು ಕಟ್ಟಿದರಂತೆ: 'ಅಜ್ಜ, ಐದು ನಿಮಿಷ ಕುಶಾಲು ಬೇಡ.' ಅದನ್ನು ಬಾಯಿಪಾಠ ಮಾಡಿ ಹುಡುಗ ಚಾವಡಿಗೆ ಬಂದಿದ್ದನಂತೆ. ಒಂದು ಸಲ ಅಲ್ಲ, ಎರಡು ಸಲ. ಎರಡು ಸಲವೂ ಅವನು ಬಾಯಿ ತೆರೆಯುವ ಮೊದಲು ನಾನು ಏನೋ ಒಂದು ಹೇಳಿ ನಕ್ಕೆನಂತೆ.

ಗಂಟೆ ಇಲ್ಲದ ಕಡೆಯಲ್ಲೂ ಆ ಮೆಷಿನ್ ಮಗುವನ್ನು ನನ್ನ ಬಾಗಿಲಿಗೆ ತಂದು ನಿಲ್ಲಿಸಿತ್ತು. ಬಾಗಿಲು ತೆರೆಯದವನು ನಾನು.

ಮೆಲ್ವಿನ್ ಅದೇ ದಿನ ಅವನ ಹತ್ತಿರ ಮಾತಾಡಿದ. ಸೋಮವಾರ ಡಾಕ್ಟರ ಹತ್ತಿರ ಹೋದೆವು. ರೂಪೇಶ್ ಮಸ್ಕತ್‌ನಿಂದ ಬಂದಿದ್ದಾನೆ, ಮಗನ ಪಕ್ಕದಲ್ಲಿ ಚಾಪೆ ಹಾಕಿ ಮಲಗ್ತಾನೆ. ಹುಡುಗನ ಅಮ್ಮ ತೃಪ್ತಿಯೂ ರಜೆ ಸಿಕ್ಕಿದ ಕೂಡಲೇ ಬರ್ತಾಳೆ. ಮದ್ದು ಎಲ್ಲ ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿ ಉಂಟು.

ಇಲ್ಲಿ ಕುಶಲ ಇಲ್ಲ. ಕುಶಾಲೂ ಇಲ್ಲ.

ಪೂವಪ್ಪ

*

ಧಾರವಾಡ
24 ಜೂನ್ 2025

ಪ್ರೀತಿಯ ಮಾಮ,

ಚಪ್ಪಾಳೆ ತಟ್ಟಿದ ಸದ್ದು ಇನ್ನೂ ನನ್ನ ಕಿವಿಯಲ್ಲಿ ಉಂಟು. ಇರ್ವಿನ್ ಎರಡು ದಿನ ಕ್ಯಾಂಟೀನಿಗೆ ಬರಲಿಲ್ಲ. ಇಷ್ಟು ಓದಿದ ನಮಗೆ ನಟನೆ ಯಾವುದು, ನಿಜ ಯಾವುದು ಎಂದು ಆ ಬೆಳಿಗ್ಗೆ ಗೊತ್ತಾಗಲಿಲ್ಲ. ನಿಮ್ಮ ಚೇಷ್ಟೆ ಕಾಣಲಿಲ್ಲವೆಂದು ಗೊತ್ತಾಯಿತು ಅಷ್ಟೇ. ಈಗ ಟೆಸ್ಟ್ ಖಾತೆಯಾದರೂ ಸರಿ, ಯಾವ ಖಾತೆಯಾದರೂ ಸರಿ, ಗಂಟೆ ಹೊಡೆಯುತ್ತದೆ. ಮೇಡಂ ಅಂದರು, "ಸುಳ್ಳ ಗಂಟಿಗೆ ಸಾವಿರ ಸಲ ಎದ್ದು ಓಡೋಣು. ಖರೇ ಗಂಟಿ ಒಂದ ತಪ್ಪಬಾರದು." ಮೆಲ್ವಿನ್ ಊಟ ಬಿಟ್ಟು ಓಡಲು ತಯಾರು.

ನೀವು ನಿಮ್ಮನ್ನು ಬೈದುಕೊಂಡು ಬರೆದಿದ್ದೀರಿ. ನಾನು ಒಂದು ವಿಷಯ ಹೇಳಬೇಕು. ಹೇಳಲಾ ಎಂದು ಮೋಕ್ಷಿತ್‌ನನ್ನು ಕೇಳಿದೆ, ಹೇಳಿ ಅಂದ. ಆ ವಾರ ಅವನು ಮೊದಲು ಬರೆದ ಶಬ್ದ ಬೇಜಾರ್. ಹೂಂ ಮೇ ತಿಂಗಳ ಮೊದಲ ವಾರದಲ್ಲಿ ಇದ್ದ ಹಾಗೇ ಇದ್ದಿದ್ದರೆ ಅವನಿಗೆ ಲೂಡೋ ಕೊಡುತ್ತಿತ್ತು. ಅವನು ಫೋನು ಮುಚ್ಚಿಡುತ್ತಿದ್ದ, ಮತ್ತೆ ತೆರೆಯುತ್ತಿರಲಿಲ್ಲ. ಅವನೇ ಹಾಗೆ ಹೇಳಿದ. ಅದು 'ಯಾರನ್ನು ನೆನೆಸಿ?' ಎಂದು ಕೇಳಿದ್ದಕ್ಕೆ ಅವನು ಉಳಿದದ್ದೆಲ್ಲ ಬರೆದ. ಆ ಪ್ರಶ್ನೆಯನ್ನು ಅದಕ್ಕೆ ಕಲಿಸಿದ್ದು ಯಾರು? ಸಾವಿನ ಮನೆ ಲೂಡೋ ಎಂದು ಬೈದವರು ಯಾರು?

ಕಲ್ಲಿನ ಮೇಲೆ ಕೂತು ಕೇಳಿದವರು ಯಾರು ಎಂದೂ ಕೇಳಬೇಕು. ಇಷ್ಟು ವರ್ಷದ ಕೆಲಸದ ನಂತರವೂ ನಾನು ಆ ಪ್ರಶ್ನೆಯನ್ನು ಮೊದಲು ಕಾಗದದಲ್ಲಿ ಬರೆದುಕೊಂಡು ಆಮೇಲೆ ಕೇಳುತ್ತೇನೆ. ನೀವು ಮೀನಿನ ಕೈಯಲ್ಲಿ ಹೋಗಿ ಕೇಳಿದಿರಿ.

ಅಜ್ಜನ ಮೇಲೆ ಮೋಕ್ಷಿತ್‌ಗೆ ಸಿಟ್ಟಿಲ್ಲ. "ಅಜ್ಜ ಈಗ ತುಂಬ ಸೀರಿಯಸ್ ಆಗಿದ್ದಾರೆ, ನೋಡಿದರೆ ಹೆದರಿಕೆ ಆಗ್ತದೆ" ಅಂದ ನಿನ್ನೆ. ಮಾಮ, ನಿಮ್ಮ ಕೊನೆಯ ಪತ್ರದಲ್ಲಿ ಒಂದೂ ಚೇಷ್ಟೆ ಇರಲಿಲ್ಲ. ಚೇಷ್ಟೆ ಇಲ್ಲದ ಪೂವಪ್ಪ ಎಂದರೆ ಎಂತ ಎಂದು ನಾನು ಈಗಷ್ಟೇ ಕಲಿತಿದ್ದೇನೆ. ನನಗೆ ಮಂಡೆ ಬೆಚ್ಚ ಆಗ್ತಾ ಉಂಟು. ನಿಮ್ಮನ್ನೂ ಕೇಳ್ತೇನೆ, ನೇರವಾಗಿಯೇ. ಬೇಜಾರಾ? ಯಾರನ್ನು ನೆನೆಸಿ?

ದೀಕ್ಷಿತಾ

*

ಮಣ್ಣಗುಡ್ಡ
14 ಸೆಪ್ಟೆಂಬರ್ 2025

ಮಗಳೇ ದೀಕ್ಷಿತಾ,

ಕುಶಲ ಸ್ವಲ್ಪ ಸ್ವಲ್ಪ ಬರ್ತಾ ಉಂಟು. ಕುಶಾಲು ಅದರ ಹಿಂದಿನ ಸೀಟಿನಲ್ಲಿ ಕೂತಿದೆ. ಟಿಕೇಟು ಇನ್ನೂ ಮಾಡಿಲ್ಲ.

ಉತ್ತರ ತಡ ಆಯ್ತು. ನಿನ್ನ ಪ್ರಶ್ನೆಗೆ ಕಾಗದದಲ್ಲಿ ಉತ್ತರ ಬರೆಯಲಿಕ್ಕೆ ಬರಲಿಲ್ಲ. ಬಾಯಲ್ಲಿ ಹೇಳಿದೆ, ನಿನಗಲ್ಲ, ಮೋಕ್ಷಿತ್‌ಗೆ. ಒಂದು ಆದಿತ್ಯವಾರ ಇಬ್ಬರೂ ಮುದ್ದುವಿನ ಕೈರುಚಿ ಬರಬೇಕೆಂದು ಬಂಗುಡೆ ಪುಳಿಮುಂಚಿ ಮಾಡ್ಲಿಕ್ಕೆ ಹೋದೆವು. ಪುಳಿಯ ಹುಳಿ ಮಾತ್ರ ಬಂತು. ಅದನ್ನು ಬಾಯಿಗೆ ಹಾಕಿ ಹುಡುಗ ಅತ್ತ. ನಾನು, ಮುಂಚಿ ಖಾರ, ಮೆಣಸು ಜಾಸ್ತಿ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ತಪ್ಪಿಸಿಕೊಳ್ಳಲಿಲ್ಲ. ನಾನೂ ಅತ್ತೆ. ರೂಪೇಶ್ ಗ್ಯಾಸ್ ಆಫ್ ಮಾಡಿ ಬಂದು ಅವನೂ ಶುರು ಮಾಡಿದ. ಬಾಗಿಲಿಗೆ ಬಂದ ಆಂಬ್ರೋಸ್ ಒಳಗೆ ಇಣುಕಿ, "ಎಂತ, ಇಷ್ಟು ಕೆಟ್ಟದಾಗಿ ಆಗಿದೆಯಾ ಸಾರು?" ಎಂದು ಕೇಳಿದ. ಈ ಮನೆಯಲ್ಲಿ ಇಷ್ಟು ತಿಂಗಳಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಆಗ.

ಆಂಬ್ರೋಸ್‌ಗೆ ಅವನ ಇಲ್ಲದ ಮೊಮ್ಮಗನ ವಿಷಯ ಹೇಳಿದೆ. "ಮದುವೆ ಖರ್ಚು ಇಲ್ಲದೆ ಮೊಮ್ಮಗ ಸಿಕ್ಕಿದನಲ್ಲ, ಇನ್ನು ಬಿಡುವುದಿಲ್ಲ" ಎಂದ. ಈಗ ವಾರಕ್ಕೊಮ್ಮೆ ಡಾಕ್ಟರ ಹತ್ತಿರ ಮೋಕ್ಷಿತ್‌ನನ್ನು ಕರ್ಕೊಂಡು ಹೋಗುವುದು ಅವನ ಸ್ಕೂಟರೇ. ನಾನು ಹಿಂದಿನ ಆಟೋದಲ್ಲಿ.

ಎಲ್ಲ ಸರಿ ಆಯ್ತೆಂದು ಬರೆದರೆ ಅದು ಕುಶಾಲು ಆಗ್ತದೆ. ಜುಲೈಯಲ್ಲಿ ಒಂದು ಸಲ ಫ್ಲೈಓವರ್ ಕೆಳಗೆ ಮತ್ತೆ ಹೋಗಿದ್ದ. ಅವನೇ ಬಂದು ಹೇಳಿದ. ಅವನು ಈಗ ನಮ್ಮ ಎದುರು ಬಂದು ನಿಂತು, "ಅಜ್ಜ, ಐದು ನಿಮಿಷ" ಅನ್ನುತ್ತಾನೆ. ಅಷ್ಟು ಕೇಳಿದರೆ ನಾನು ಬಾಯಿಗೆ ಬೀಗ. ಟಿವಿಗೂ ಬೀಗ. ಒಂದು ಸಲ ಹಾಗೆ ಬಂದು ನಿಂತ, ನಾನು ಟಿವಿ ಆಫ್ ಮಾಡಿ ನೆಟ್ಟಗೆ ಕೂತೆ. "ಐದು ನಿಮಿಷ ಆಂಬ್ರೋಸಜ್ಜನ ಸ್ಕೂಟರ್ ಕೀ ಕೇಳಿ ಕೊಡಿ" ಅಂದ. ಅವನ ಮೈಯಲ್ಲಿ ಹರಿಯುವುದು ಯಾರ ಕುಶಾಲಿನ ರಕ್ತ ಎಂದು ಆಗ ನನಗೆ ಗೊತ್ತಾಯ್ತು. ಅವನು ನನ್ನ ಮೊಮ್ಮಗನೇ.

ನಿನ್ನ ಮೇಡಮ್‌ಗೆ, ಇರ್ವಿನ್‌ಗೆ, ಮೆಲ್ವಿನ್‌ಗೆ ಹೇಳು. ಇಷ್ಟು ವರ್ಷ ಈ ಊರಿನವರನ್ನೆಲ್ಲ 'ದುಂಬು ಪೋಲೆ' ಎಂದು ಮುಂದೆ ತಳ್ಳಿದವ ನಾನು. ಹಿಂದೆ ನಿಂತವ ಎಂತಕ್ಕೆ ನಿಂತಿದ್ದಾನೆ ಎಂದು ನಿಮ್ಮ ಹೂಂ ಕೇಳಿತು, ನಾನು ಒಂದು ದಿನವೂ ಕೇಳಿದ್ದಿಲ್ಲ. ಹೆಸರಿನ ಬಾಡಿಗೆ ಬೇಡ. ಹೂವಪ್ಪ ಎಂದು ಯಾರಾದರೂ ಕರೆದರೆ ಈಗ ನಾನು ಓಗೊಡುವುದು ಒಂದೇ ಮಾತಿನಲ್ಲಿ. ಎಂತ ಎಂದು ನಿನಗೆ ಗೊತ್ತುಂಟು.

ಈ ಮೂಲೆ ಮೋಕ್ಷಿತ್‌ಗೆ ಬರೆಯಲಿಕ್ಕೆ ಖಾಲಿ ಬಿಡಬೇಕಂತೆ. ಬಿಟ್ಟಿದ್ದೇನೆ.

ನಿನ್ನ ಮಾಮ,
ಪೂವಪ್ಪ

*

ದೀಕ್ಷಿತಕ್ಕ, ಇದು ಮೋಕ್ಷಿತ್.

ಅಜ್ಜ ಹೂಂ ಹೇಳಲು ಕಲಿತಿದ್ದಾರೆ, ಆದರೆ ಬ್ಯಾಟರಿ ವೀಕ್. ನಾಲ್ಕನೇ ನಿಮಿಷಕ್ಕೆ ತುಟಿ ನಡುಗಲು ಶುರು ಆಗ್ತದೆ, ಒಳಗೆ ಏನೋ ಒಂದು ಕುಶಾಲು ಕುದೀತಾ ಇರ್ತದೆ. ಪಾಪ ಕಂಡು ನಾನೇ ಐದನೇ ನಿಮಿಷ ಬಿಟ್ಟು ಕೊಡ್ತೇನೆ.

ಇರ್ವಿನಣ್ಣನಿಗೆ ಒಂದು ಕಂಪ್ಲೇಂಟ್ ಉಂಟು. ನಿನ್ನೆ ಹೂಂಗೆ 'ಮಂಡಿ ಬೆಚ್ಚ ಆಗಿದೆ' ಎಂದು ಬರೆದೆ. ಅದು 'ಎಂತ ಟೆನ್ಶನ್? ಯಾರ ಹತ್ತಿರವಾದರೂ ಹೇಳಿದಿಯಾ? ಅಜ್ಜ ಇದ್ದಾರಾ?' ಎಂದು ಬಿಡದೆ ಕೇಳ್ತಾ ಉಂಟು. ಅಜ್ಜ ಪಕ್ಕದಲ್ಲೇ ಇದ್ದಾರೆ, ಐಸ್ ಹಿಡ್ಕೊಂಡು.

ಈ ಸಲ ಮಂಡೆ ಅಲ್ಲ ಅಕ್ಕ, ನಿಜವಾಗಿಯೂ ಮಂಡಿ. ಫುಟ್ಬಾಲ್ ಆಡುವಾಗ ಬಿದ್ದೆ.